ಅಪ್ಪನ ಅಳತೆ ಪುಸ್ತಕದಲ್ಲಿ ಬಾಕ್ಸರ್‌ಗಳು

ಹೋದ ಭಾನುವಾರ ಅಕ್ಕನ ಮಗ ಅಂಗಡಿಗೆ ಬಂದಿದ್ದ. ಸಾಲಗಾಮೆ ರಸ್ತೆಯ ನಮ್ಮ ಟೈಲರ್ ಅಂಗಡಿ ಭಾನುವಾರ ಮಧ್ಯಾಹ್ನದವರೆಗೆ ಮಾತ್ರ. ನಾನು ಕಾಜಾ ಹಾಕುತ್ತಾ ಕೂತಿದ್ದೆ. ಅವನು ಮೊಬೈಲ್‌ನಲ್ಲಿ ಇಂಗ್ಲೆಂಡಿನ ಬಾಕ್ಸರ್ ಟೈಸನ್ ಫ್ಯೂರಿಯ ಹಳೇ ಪಂದ್ಯ ನೋಡುತ್ತಿದ್ದ. ಇದ್ದಕ್ಕಿದ್ದ ಹಾಗೆ ತಲೆ ಎತ್ತಿ, "ಮಾವ, ನಿಮ್ಮ ಮಹಮ್ಮದ್ ಅಲಿ ಇವನ ಮುಂದೆ ಎರಡು ರೌಂಡ್ ನಿಲ್ತಿರಲಿಲ್ಲ ಬಿಡಿ. ಇವನ ಸೈಜ್ ನೋಡಿ" ಅಂದ.

ಅಷ್ಟರಲ್ಲಿ ಗಿರಾಕಿ ಬಂದರು, ಮಾತು ಅಲ್ಲಿಗೇ ನಿಂತಿತು. ಆದರೆ ನನಗೆ ರಾತ್ರಿಯೆಲ್ಲಾ ಅದೇ ಕೊರೆಯುತ್ತಿತ್ತು. ಅವನಿಗೆ ಹೇಳಬೇಕು ಅಂದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅಪ್ಪನೂ ಟೈಲರ್. ಅವರದ್ದೊಂದು ಕೆಂಪು ರಟ್ಟಿನ ಅಳತೆ ಪುಸ್ತಕ ಇವತ್ತಿಗೂ ನನ್ನ ಹತ್ತಿರ ಇದೆ. ಮುಂದಿನ ಪುಟಗಳಲ್ಲಿ ಗಿರಾಕಿಗಳು. ಹಿಂದಿನಿಂದ ತಿರುಗಿಸಿದರೆ ಬಾಕ್ಸರ್‌ಗಳು. ಆಗೆಲ್ಲ ದೊಡ್ಡ ಪಂದ್ಯ ಇದ್ದರೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಇಬ್ಬರ ಅಳತೆಯನ್ನೂ ಅಕ್ಕಪಕ್ಕ ಹಾಕುತ್ತಿದ್ದರು. ಎತ್ತರ, ತೂಕ, ರೀಚ್ ಅಂದರೆ ಕೈ ಚಾಚಿದ ಅಳತೆ, ಕುತ್ತಿಗೆ, ಉಸಿರು ಬಿಟ್ಟಾಗ ಎದೆ, ಉಸಿರು ತುಂಬಿದಾಗ ಎದೆ, ತೋಳು, ಮುಂಗೈ, ಮಣಿಕಟ್ಟು, ಮುಷ್ಟಿ, ಸೊಂಟ, ತೊಡೆ, ಮೀನಖಂಡ. ಕೋಟು ಹೊಲಿಯುವವನಿಗೂ ಇಷ್ಟೊಂದು ಅಳತೆ ಬೇಕಾಗಲ್ಲ! ಅಪ್ಪ ಅದನ್ನೆಲ್ಲ ಪೆನ್ಸಿಲ್‌ನಲ್ಲಿ ನಕಲು ಮಾಡಿಟ್ಟುಕೊಳ್ಳುತ್ತಿದ್ದರು. ಬಾಕ್ಸಿಂಗ್ ಪಂದ್ಯ ಅಂತ ಅವರು ಕಣ್ಣಾರೆ ಒಂದನ್ನೂ ನೋಡಿರಲಿಲ್ಲ. ಆದರೆ ಅಮೆರಿಕದಲ್ಲಿ ಯಾರೋ ಒಬ್ಬ ತಮ್ಮ ಹಾಗೇ ಟೇಪು ಹಿಡಿದು ಸೋನಿ ಲಿಸ್ಟನ್ ಅನ್ನುವ ಬಾಕ್ಸರ್‌ನ ಎದೆ ಅಳೆದಿದ್ದಾನೆ ಅನ್ನೋದೇ ಅವರಿಗೆ ಖುಷಿ.

ಈಗ ಟಿವಿಯಲ್ಲಿ ಸಾಮಾನ್ಯವಾಗಿ ವಯಸ್ಸು, ಎತ್ತರ, ತೂಕ, ರೀಚ್ ಇಷ್ಟೇ ತೋರಿಸುತ್ತಾರೆ. ಹಾಗಾಗಿ ನಮ್ಮ ಹುಡುಗರ ಕಣ್ಣು ಸೀದಾ ತೂಕಕ್ಕೇ ಹೋಗುತ್ತದೆ.

ತೂಕ ಜಾಸ್ತಿಯಾಗಿರುವುದು ನಿಜ. 1897ರಲ್ಲಿ ಬಾಬ್ ಫಿಟ್ಜ್‌ಸಿಮನ್ಸ್ ಹೆವಿವೇಟ್, ಅಂದರೆ ಅತಿ ಭಾರದ ವಿಭಾಗದ, ಚಾಂಪಿಯನ್ ಆದಾಗ ಅವನ ತೂಕ ಸುಮಾರು 76 ಕಿಲೋ. ನನ್ನ ಗಿರಾಕಿಗಳಲ್ಲೇ ಅರ್ಧ ಜನ ಅದಕ್ಕಿಂತ ಜಾಸ್ತಿ ಇದ್ದಾರೆ. 49 ಪಂದ್ಯ ಆಡಿ ಒಂದನ್ನೂ ಸೋಲದೆ ನಿವೃತ್ತನಾದ ರಾಕಿ ಮಾರ್ಸಿಯಾನೋ 85 ಕಿಲೋ ಆಸುಪಾಸು. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಆಗಿನ ಚಾಂಪಿಯನ್ ಫೋರ್ಮನ್‌ನನ್ನು ಬೀಳಿಸಿದಾಗ ಅಲಿ 98 ಕಿಲೋ. 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ರಿಂಗ್ ಹತ್ತಿದಾಗ ಫ್ಯೂರಿ 119 ಕಿಲೋ. ಇಷ್ಟು ನೋಡಿದರೆ ಮನುಷ್ಯರೇ ಬೆಳೆದುಬಿಟ್ಟಿದ್ದಾರೆ ಅನ್ನಿಸುತ್ತದೆ, ಅಲ್ವಾ?

ಅರ್ಧ ಮಾತ್ರ ನಿಜ. ಇನ್ನರ್ಧ ತಿಳಿಯಬೇಕಾದರೆ ನಮ್ಮ ಹಾಸನದ ಕಾಫಿ ಕ್ಯೂರಿಂಗ್‌ಗೆ ಹೋಗಿ ನೋಡಬೇಕು. ಅಲ್ಲಿ ಬೀಜವನ್ನು ಜರಡಿಗೆ ಹಾಕುತ್ತಾರೆ. ದಪ್ಪ ಬೀಜ ಮೇಲೆ ನಿಲ್ಲುತ್ತದೆ, ಸಣ್ಣದು ಕೆಳಗೆ ಉದುರುತ್ತದೆ. ಜರಡಿಯ ತೂತು ದೊಡ್ಡದು ಮಾಡಿದರೆ ಮೇಲೆ ಉಳಿದ ರಾಶಿಯಲ್ಲಿ ಬರೀ ದಪ್ಪ ಬೀಜವೇ. ಅದನ್ನು ನೋಡಿ ಈ ವರ್ಷ ತೋಟದಲ್ಲಿ ಬೀಜ ದಪ್ಪ ಕಟ್ಟಿದೆ ಅಂತ ಯಾರಾದರೂ ಹೇಳುತ್ತಾರಾ?

ಹೆವಿವೇಟ್‌ನಲ್ಲೂ ಜರಡಿ ಬದಲಾಯಿತು. ಮೊದಲು 79 ಕಿಲೋ ದಾಟಿದವರೆಲ್ಲ ಹೆವಿವೇಟೇ. 1979ರ ಹೊತ್ತಿಗೆ ಕ್ರೂಸರ್‌ವೇಟ್ ಅಂತ ಹೊಸ ವಿಭಾಗ ಬಂತು. ಅದರ ಮೇಲಿನ ಗೆರೆ ಮೊದಲು 86 ಕಿಲೋ ಇತ್ತು, ಆಮೇಲೆ 200 ಪೌಂಡ್‌ಗೆ ಏರಿತು. ಅಂದರೆ 90 ಕಿಲೋ ಚಿಲ್ಲರೆ. ಈಗ ಅದೇ ಗೆರೆ ಇಟ್ಟುಕೊಂಡು ಹಳಬರನ್ನು ಸಾಲಾಗಿ ನಿಲ್ಲಿಸಿ. ಡೆಂಪ್ಸಿ ಆಚೆಗೆ. ಮಾರ್ಸಿಯಾನೋ ಆಚೆಗೆ. ಫ್ಲಾಯ್ಡ್ ಪ್ಯಾಟರ್ಸನ್ ಆಚೆಗೆ. 1937ರಲ್ಲಿ ಚಾಂಪಿಯನ್ ಆಗಿ 12 ವರ್ಷ ಪಟ್ಟ ಬಿಡದ ಜೋ ಲೂಯಿಸ್ ಕೂಡ ಗೆದ್ದ ದಿನ 89 ಕಿಲೋ ಚಿಲ್ಲರೆ, ಅವನೂ ಗೆರೆಯ ಈಚೆ ಬರಲ್ಲ. ಸಣ್ಣವರನ್ನೆಲ್ಲ ಬೇರೆ ಡಬ್ಬಿಗೆ ಹಾಕಿಟ್ಟು, ಉಳಿದವರನ್ನು ತೂಗಿ, "ಎಷ್ಟು ಬೆಳೆದಿದ್ದಾರೆ ನೋಡಿ" ಅನ್ನುವುದು ನ್ಯಾಯವಲ್ಲ.

ಇನ್ನು ದೈತ್ಯರು ಈಗ ಹುಟ್ಟಿದವರಲ್ಲ. ಜೆಸ್ ವಿಲ್ಲಾರ್ಡ್ 1915ರಲ್ಲೇ ಚಾಂಪಿಯನ್ ಆದವನು, ಆರೂವರೆ ಅಡಿ ದಾಟಿದ ಆಳು. 1919ರ ಜುಲೈ 4ರಂದು ಟೊಲೆಡೋದಲ್ಲಿ ಅವನು 111 ಕಿಲೋ, ಎದುರಿಗೆ ನಿಂತ ಡೆಂಪ್ಸಿ 85 ಕಿಲೋ. ಮೊದಲ ರೌಂಡ್‌ನಲ್ಲೇ ವಿಲ್ಲಾರ್ಡ್ ಏಳು ಸಲ ನೆಲಕ್ಕೆ ಬಿದ್ದ. 1933ರಲ್ಲಿ ಇಟಲಿಯ ಕಾರ್ನೆರಾ ಬಂದ, ಆರೂವರೆ ಅಡಿಗೆ ಚೂರೇ ಚೂರು ಕಮ್ಮಿ. ಮರುವರ್ಷವೇ ಮ್ಯಾಕ್ಸ್ ಬೇರ್ ಅವನನ್ನು ಮತ್ತೆ ಮತ್ತೆ ಬೀಳಿಸಿ ಪಟ್ಟ ಕಿತ್ತುಕೊಂಡ.

ಹಾಗಾದರೆ ನಿಜವಾಗಿ ಬದಲಾಗಿದ್ದು ಏನು? ದೊಡ್ಡ ಮೈಯವರು ಸಣ್ಣವರ ಹಾಗೆ ಕಾಲು ಆಡಿಸುವುದನ್ನು ಕಲಿತರು. ಹೆವಿವೇಟ್ ಚಾಂಪಿಯನ್ ಆದ ಉಕ್ರೇನಿನ ಕ್ಲಿಚ್ಕೋ ಅಣ್ಣತಮ್ಮಂದಿರು ಚಿಕ್ಕ ವಯಸ್ಸಿನಿಂದ ಅಮೆಚೂರ್ ಬಾಕ್ಸಿಂಗ್‌ನಲ್ಲಿ ಪಳಗಿದವರು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಂಥವರಿಗೆಲ್ಲ ಪ್ರೊಫೆಷನಲ್ ಬಾಗಿಲು ತೆರೆಯಿತು. ಭಾರ ಎತ್ತಿದರೆ ಮೈ ಬಿಗಿಯಾಗಿ ಕೈ ನಿಧಾನವಾಗುತ್ತದೆ ಅಂತ ಹಳೇ ಕೋಚ್‌ಗಳು ಹೆದರುತ್ತಿದ್ದರು. ಅಮೆರಿಕದ ಬಾಕ್ಸರ್ ಹೋಲಿಫೀಲ್ಡ್ ಕ್ರೂಸರ್‌ವೇಟ್‌ನಿಂದ ಮೇಲೆ ಬರುವಾಗ ಬಾಡಿಬಿಲ್ಡಿಂಗ್‌ನ ಮಿಸ್ಟರ್ ಒಲಿಂಪಿಯಾ ಲೀ ಹೇನಿ ಜೊತೆ ಸೇರಿ ಮೈ ಬೆಳೆಸಿದ, ಕೈ ನಿಧಾನವಾಗಲಿಲ್ಲ.

ನನ್ನ ಪ್ರಕಾರ ಇದೆಲ್ಲಕ್ಕಿಂತ ದೊಡ್ಡ ಕಾರಣ ರೌಂಡ್ ಕಮ್ಮಿಯಾಗಿದ್ದು. 1982ರ ನವೆಂಬರ್‌ನಲ್ಲಿ ಕೊರಿಯಾದ ಕಿಮ್ ಡುಕ್ ಕೂ ಅನ್ನುವ ಹುಡುಗ ಅಮೆರಿಕದ ಮ್ಯಾನ್ಸಿನಿ ಎದುರು 14ನೇ ರೌಂಡ್‌ನಲ್ಲಿ ಬಿದ್ದು ಜೀವ ಕಳೆದುಕೊಂಡ. ಅವನು ಹೆವಿವೇಟ್ ಅಲ್ಲ, ಲೈಟ್‌ವೇಟ್, ಸಣ್ಣ ಮೈಯವನು. ಆ ಸಾವಿನ ನಂತರ ಪಟ್ಟದ ಪಂದ್ಯಗಳು 15 ರೌಂಡ್‌ನಿಂದ ಒಂದೊಂದಾಗಿ 12ಕ್ಕೆ ಇಳಿದವು. ಸರಿಯಾದ ತೀರ್ಮಾನವೇ. ಆದರೆ 120 ಕಿಲೋ ಹೊತ್ತುಕೊಂಡು 15 ರೌಂಡ್ ಓಡಾಡುವುದು ಬೇರೆ, 12 ಓಡಾಡುವುದು ಬೇರೆ. ಆ ಮೂರು ರೌಂಡ್ ಹೋಗಿದ್ದರಿಂದ ಜಾಸ್ತಿ ಅನುಕೂಲ ಆಗಿದ್ದು ಭಾರದ ಆಳುಗಳಿಗೆ.

ಈಗ ರೀಚ್‌ಗೆ ಬರೋಣ. ಇದನ್ನು ಬಹಳ ಜನ ಒಂದು ಕೈಯ ಉದ್ದ ಅಂದುಕೊಂಡಿದ್ದಾರೆ. ಅಲ್ಲ. ಎರಡೂ ಕೈ ಅಗಲಕ್ಕೆ ಚಾಚಿ ಈ ಬೆರಳ ತುದಿಯಿಂದ ಆ ಬೆರಳ ತುದಿವರೆಗೆ ಅಳೆಯುವುದು. ಸಾಮಾನ್ಯವಾಗಿ ಅದು ಎತ್ತರದಷ್ಟೇ ಇರುತ್ತದೆ. ಸೋನಿ ಲಿಸ್ಟನ್ ಎತ್ತರ 6 ಅಡಿ 1 ಇಂಚು, ಅಂದರೆ 73 ಇಂಚು. ರೀಚ್ 84 ಇಂಚು! ಅಪ್ಪ ಆ 84ರ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಇಂಥವನಿಗೆ ಶರ್ಟ್ ಹೊಲಿದರೆ ಮೈಗೆ ಒಂದು ಸೈಜು, ತೋಳಿಗೆ ಇನ್ನೊಂದು. ಅವನ ಮುಷ್ಟಿಯ ಸುತ್ತಳತೆ 15 ಇಂಚು ಅಂತ ಬರೆದಿದೆ. ಈಗ ಫ್ಯೂರಿಯ ಲೆಕ್ಕ ನೋಡಿ. ಎತ್ತರ 6 ಅಡಿ 9 ಇಂಚು, ರೀಚ್ 85. ಲಿಸ್ಟನ್‌ಗಿಂತ ಎಂಟು ಇಂಚು ಎತ್ತರದವನು, ಕೈ ಚಾಚಿದರೆ ಹೆಚ್ಚಾಗಿದ್ದು ಒಂದೇ ಇಂಚು. ಅರವತ್ತು ವರ್ಷದಲ್ಲಿ ತೂಕ ಏರಿದ ಹಾಗೆ ಕೈ ಏರಿಲ್ಲ.

ಕುತ್ತಿಗೆಯ ಅಳತೆಯನ್ನು ಈಗ ಯಾರೂ ಕೇಳುವುದಿಲ್ಲ, ಅದೇ ನನಗೆ ಬೇಜಾರು. 1986ರಲ್ಲಿ ಮೈಕ್ ಟೈಸನ್ 20 ವರ್ಷಕ್ಕೇ ಚಾಂಪಿಯನ್ ಆದ. ಎತ್ತರ ಆರಡಿಗೆ ಕಮ್ಮಿ, ಕುತ್ತಿಗೆ ಸುಮಾರು 20 ಇಂಚು. ನಮ್ಮಲ್ಲಿ ಬರುವವರದ್ದು 15, ಹದಿನೈದೂವರೆ, ಬಹಳ ಅಂದರೆ 17. ಅಪ್ಪ ಒಂದು ಸಂಜೆ ಬ್ರೌನ್ ಪೇಪರ್ ಹಾಸಿ, ಚಾಕ್‌ನಲ್ಲಿ ಗುರುತು ಹಾಕಿ 20ರ ಕಾಲರ್ ಕತ್ತರಿಸಿದರು. ನಾನಾಗ ಎಂಟನೇ ಕ್ಲಾಸು. ಆ ಕಾಲರ್ ನನ್ನ ತೊಡೆಗೆ ಸುತ್ತಿದರು, ಸಡಿಲವಾಗಿತ್ತು. "ನೋಡು ಮಗ, ತಲೆಗೆ ಏಟು ಬಿದ್ದಾಗ ಹಿಡಿದುಕೊಳ್ಳೋದು ಇದು" ಅಂದರು. ತಲೆ ಜೋರಾಗಿ ತಿರುಗಿದಷ್ಟೂ ಮಿದುಳಿಗೆ ಪೆಟ್ಟು ಅಂತ ನಾನು ಆಮೇಲೆ ಓದಿ ತಿಳಿದೆ. ಅಪ್ಪನಿಗೆ ಅದು ಟೇಪಿನಲ್ಲೇ ಗೊತ್ತಾಗಿತ್ತು.

ಮಾರ್ಸಿಯಾನೋನನ್ನು ಫ್ಯೂರಿ ಮುಂದೆ ನಿಲ್ಲಿಸಿ ಅಂದರೆ ನಾನೂ ಒಪ್ಪುವುದಿಲ್ಲ. ಇಬ್ಬರ ನಡುವೆ ಮೂವತ್ತು ಕಿಲೋಗಿಂತ ಜಾಸ್ತಿ ಅಂತರ. ಅದು ಆಟವಲ್ಲ, ಅನ್ಯಾಯ. ಆದರೆ ಅಲಿಯ ಮಾತು ಬೇರೆ. ಅಲಿ ಎತ್ತರ 6 ಅಡಿ 3 ಇಂಚು, ರೀಚ್ 78. ಉಕ್ರೇನಿನ ಉಸಿಕ್ ಎತ್ತರ 6 ಅಡಿ 3 ಇಂಚು, ರೀಚ್ 78. ಒಂದೇ ಅಳತೆಯ ಪ್ಯಾಟರ್ನ್ ಇಟ್ಟು ಇಬ್ಬರಿಗೂ ಕೋಟು ಕತ್ತರಿಸಬಹುದು! ರಿಯಾದ್‌ನಲ್ಲಿ ಉಸಿಕ್ ತೂಕ 101 ಕಿಲೋ, ಕಿನ್ಶಾಸಾದ ಅಲಿಗಿಂತ ಬರೀ ಮೂರು ಕಿಲೋ ಜಾಸ್ತಿ. ಅವನೂ ಕ್ರೂಸರ್‌ವೇಟ್‌ನಿಂದ ಮೇಲೆ ಬಂದವನೇ. ಆ ಮೈಯಲ್ಲೇ ಅವನು ಆ ರಾತ್ರಿ ಫ್ಯೂರಿಯನ್ನು ಸೋಲಿಸಿದ. ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಸೋಲಿಸಿದ.

ನಿನ್ನೆ ಹುಡುಗ ಮತ್ತೆ ಬಂದಿದ್ದ. ಇದನ್ನೆಲ್ಲ ಹೇಳಿ ಪುಸ್ತಕ ಮುಂದಿಟ್ಟೆ. ಸುಮ್ನೆ ಬಹಳ ಹೊತ್ತು ಪುಟ ತಿರುಗಿಸಿದ. ಆಮೇಲೆ ಎದ್ದು ನಿಂತು ಎರಡೂ ಕೈ ಅಗಲಿಸಿ, "ನಂದೂ ಅಳೀರಿ ಮಾವ" ಅಂದ. ಎತ್ತರ 67 ಇಂಚು, ರೀಚ್ 70. ಬರೆದುಕೊಂಡೆ. "ಮುಷ್ಟಿ?" ಅಂತ ಕೈ ಮುಂದೆ ಚಾಚಿದ. ಗಟ್ಟಿಯಾಗಿ ಹಿಡಿ ಅಂದು ಟೇಪು ಸುತ್ತಿದೆ. 11 ಇಂಚು. ಲಿಸ್ಟನ್‌ನ ಎದುರು ಪುಟ ಖಾಲಿ ಇತ್ತು, ಅಲ್ಲೇ ಬರೆದಿಟ್ಟೆ.