ಬಾಗಿದ ತಡೆ ಕಳಪೆಯಲ್ಲ: ಒಂದು ಸ್ಪಷ್ಟನೆ

ಶಿವಮೊಗ್ಗದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫೋಟೊ ಓಡಾಡುತ್ತಿದೆ. ಗೋದಾಮಿನ ಬಾಗಿಲ ಪಕ್ಕದ ಹಳದಿ ಕಬ್ಬಿಣದ ತಡೆ, ಲಾರಿ ತಾಗಿ ನಡುವೆ ಬಾಗಿದೆ. ‘ಇಷ್ಟಕ್ಕೇ ಬಾಗಿದೆ ಅಂದ್ರೆ ಕಳಪೆ ಮಾಲು’ ಎಂದು ಬರೆದಿದ್ದಾರೆ. ಇದು ತಪ್ಪು.

ಆ ತಡೆ ಬಾಗಲೆಂದೇ ಮಾಡಿದ್ದು. ಬಾಗುವಾಗ ಅದು ಹೊಡೆತದ ಶಕ್ತಿಯನ್ನು ತಾನೇ ನುಂಗುತ್ತದೆ, ಗಾಡಿ ಸ್ವಲ್ಪ ನಿಧಾನವಾಗಿ ನಿಲ್ಲುತ್ತದೆ. ಚಾಲಕನಿಗೆ ಪೆಟ್ಟು ಕಡಿಮೆ, ಹಿಂದಿನ ಗೋಡೆಗೂ ಕಡಿಮೆ. ವೇಗ 10 ಕಿ.ಮೀ.ನಿಂದ 20 ಆದರೆ ಹೊಡೆತದ ಶಕ್ತಿ ಎರಡಲ್ಲ, ನಾಲ್ಕು ಪಟ್ಟು. ನಮ್ಮ ಮಳೆಗಾಲ ನೆನಪಿಸಿಕೊಳ್ಳಿ. ಕೆಸರು ಮೆತ್ತಿದ ಟೈರು, ಒದ್ದೆ ನೆಲ, ಕ್ಲೀನರ್ ‘ಬರ್ಲಿ ಬರ್ಲಿ’ ಅನ್ನುತ್ತಾ ಹಿಂದೆ ನಿಂತಿರುತ್ತಾನೆ. ಅಡಿಕೆ ಮೂಟೆ ತುಂಬಿದ ಲಾರಿ ಬ್ರೇಕ್ ಹಾಕಿದರೂ ಒಂದು ಗೇಣು ಜಾರುತ್ತದೆ ಅಲ್ವಾ?

ಹಾಗಂತ ಎಲ್ಲ ಕಡೆಯೂ ಬಾಗುವ ತಡೆಯೇ ಸರಿ ಅಂತಲ್ಲ. ಟ್ರಾನ್ಸ್‌ಫಾರ್ಮರ್, ಗ್ಯಾಸ್ ಪೈಪಿನ ಮುಂದೆ ಗಾಡಿ ಒಳನುಗ್ಗಲೇಬಾರದು. ಅಲ್ಲಿ ನೆಲದಾಳಕ್ಕೆ ಹೂತು, ಕಾಂಕ್ರೀಟ್ ತುಂಬಿದ ಕಂಬ ಬೇಕು.

ನನಗೆ ನಿಜಕ್ಕೂ ಆತಂಕ ತಂದದ್ದು ಫೋಟೊದ ಇನ್ನೊಂದು ಮೂಲೆ. ತಡೆಗೆ ಒರಗಿಕೊಂಡೇ ಒಬ್ಬರು ಚಹಾ ಕುಡಿಯುತ್ತಿದ್ದಾರೆ. ಬಾಗುವ ತಡೆಯ ಹಿಂದೆ, ಅದು ಬಾಗುವಷ್ಟು ಜಾಗ ಖಾಲಿ ಇರಲೇಬೇಕು. ಅಲ್ಲಿ ಜನ ನಿಲ್ಲಬಾರದು, ಮೂಟೆ ಪೇರಿಸಬಾರದು. ಒಮ್ಮೆ ಬಾಗಿದ ಕಬ್ಬಿಣವನ್ನು ಸುಮ್ನೆ ಬಡಿದು ನೇರ ಮಾಡಿ ಬಿಡಬೇಡಿ. ಬುಡದ ಬೋಲ್ಟ್ ಸಡಿಲವಾಗಿದೆಯೇ, ನೆಲ ಬಿರಿದಿದೆಯೇ ನೋಡಿ, ಆ ತುಂಡನ್ನು ಬದಲಿಸಿ.