ತಿದಿ ಒತ್ತಿದ ತಪ್ಪಿಗೆ

ಪೆಟ್ರೋಲ್ ಬಂಕಿನ ಮೂಲೆಯಲ್ಲಿ ‘ಉಚಿತ ಗಾಳಿ’ ಎಂದು ದೊಡ್ಡದಾಗಿ ಬರೆದಿತ್ತು. ಸೈಕಲ್ ತಳ್ಳಿಕೊಂಡು ಹೋಗಿ ನಿಂತೆ. ಹುಡುಗ ನನ್ನನ್ನು ನೋಡಿದ, ಸೈಕಲ್ ನೋಡಿದ, ಆಮೇಲೆ ಮೊಬೈಲ್ ನೋಡಿದ.

“ಸೈಕಲ್‌ಗೆಲ್ಲ ಹೊಡೆಯಲ್ಲ ಸಾರ್.”

“ಯಾಕಪ್ಪಾ?”

“ರೂಲ್ಸ್ ಇಲ್ಲ.”

ಪೈಪು ಕಾಲಡಿಯಲ್ಲೇ ಬಿದ್ದಿತ್ತು. ಯಂತ್ರ ಬುಸುಗುಡುತ್ತಿತ್ತು. ಗಾಳಿಯಂತೂ ಇನ್ನೂ ಯಾರಪ್ಪನ ಆಸ್ತಿಯೂ ಆಗಿಲ್ಲ. ಆ ರೂಲ್ಸು ಎಲ್ಲಿ ಬರೆದಿದೆ ತೋರಿಸು ಎಂದೆ. ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ ಎಂದ. ನಾನು ನೋಡಿದ ರೂಲ್ಸುಗಳೆಲ್ಲ ಹೀಗೇ. ರೂಲ್ಸು ಹಗಲೂ ರಾತ್ರಿ ಡ್ಯೂಟಿಯಲ್ಲಿರುತ್ತದೆ, ಮಾಡಿದವನು ಮಾತ್ರ ಊಟಕ್ಕೆ ಹೋಗಿರುತ್ತಾನೆ. ರೂಲ್ಸು ಮಾಡುವವರ ಬಗ್ಗೆ ಒಂದು ದೊಡ್ಡ ಮಾತು ಹೇಳುವುದಿದೆ. ಆಮೇಲೆ ಹೇಳುತ್ತೇನೆ.

ಮನೆ ಕಡೆ ಸೈಕಲ್ ತಳ್ಳುತ್ತಾ ಹೊರಟೆ. ತುಳಿಯುವಾಗ ಯೋಚನೆ ಬರುವುದಿಲ್ಲ, ಹಿಂದಿನ ಬಸ್ಸಿನವನು ಅಷ್ಟು ಪುರುಸೊತ್ತು ಕೊಡುವುದಿಲ್ಲ. ತಳ್ಳುವಾಗ ಬೇಕಾದಷ್ಟು ಬರುತ್ತದೆ. ನನಗೆ ಬಂದದ್ದು ಯೂಜೀನ್ ಕ್ರಿಸ್ಟೋಫ್‌ನ ನೆನಪು. ಕೆಟ್ಟ ಸೈಕಲನ್ನು ಮನೆಗೆ ತಂದವರು ಊರಿಗೊಬ್ಬರು ಸಿಗುತ್ತಾರೆ. ಆದರೆ ಅವನಷ್ಟು ಹೊಟ್ಟೆ ಉರಿದುಕೊಂಡು ತಂದವನು ಇನ್ನೊಬ್ಬನಿರಲಿಕ್ಕಿಲ್ಲ.

ಅದು 1913ರ ಟೂರ್ ಡಿ ಫ್ರಾನ್ಸ್, ಹಲವು ಹಂತಗಳಲ್ಲಿ ಫ್ರಾನ್ಸ್ ಸುತ್ತುವ ಸೈಕಲ್ ರೇಸು. ಕ್ರಿಸ್ಟೋಫ್‌ಗೆ ಆಗ 28 ವರ್ಷ. ಪ್ಯಾರಿಸ್ಸಿನ ಪಕ್ಕದ ಮಾಲಾಕೋಫ್‌ನವನು, ಕಸುಬು ಬೀಗ ಮಾಡುವುದು. ಆಗಿನ ರೇಸಿನವರು ಹೆಚ್ಚಾಗಿ ಇಂಥವರೇ. 1903ರ ಮೊದಲ ಟೂರ್ ಗೆದ್ದ ಮಾರಿಸ್ ಗಾರಿನ್ ಚಿಮಣಿ ಗುಡಿಸುತ್ತಿದ್ದವನು. ದಿನವಿಡೀ ಮಸಿ ಮೆತ್ತಿಕೊಳ್ಳುವವನಿಗೆ 2,428 ಕಿಲೋಮೀಟರ್ ಧೂಳು ಯಾವ ಲೆಕ್ಕ? ನಮ್ಮಲ್ಲೂ ವಿಜಯಪುರ, ಬಾಗಲಕೋಟೆ ಕಡೆಯಿಂದ ಒಳ್ಳೊಳ್ಳೆ ರೇಸಿನ ಹುಡುಗರು ಬರುತ್ತಾರೆ, ಬಹಳಷ್ಟು ಜನ ರೈತರ ಮನೆಯವರು. ಬೆಂಗಳೂರಿನಲ್ಲಿ ನಾನು ನೋಡುವುದೇ ಬೇರೆ. ಭಾನುವಾರ ಬೆಳಿಗ್ಗೆ ಹೋಟೆಲ್ ಮುಂದೆ ಲಕ್ಷಗಟ್ಟಲೆ ಬೆಲೆಯ ಸೈಕಲ್ ಒರಗಿಸಿ, ಸೀಟು ಬದಲಾಯಿಸಿ ತೂಕ ಎಷ್ಟು ಗ್ರಾಂ ಇಳಿಯಿತು ಎಂದು ಲೆಕ್ಕ ಹೇಳುತ್ತಾರೆ. ಹೇಳುತ್ತಲೇ ಎರಡನೇ ಮಸಾಲೆ ದೋಸೆಗೆ ಆರ್ಡರ್ ಕೊಡುತ್ತಾರೆ. ಇರಲಿ, ದೋಸೆ ಚೆನ್ನಾಗಿರುತ್ತದೆ.

ಆ ದಿನದ ದಾರಿ ಬಯೋನ್‌ನಿಂದ ಲೂಶಾನ್‌ವರೆಗೆ, 326 ಕಿಲೋಮೀಟರ್, ಪಿರನೀಸ್ ಬೆಟ್ಟಗಳನ್ನು ಹತ್ತಿ ಇಳಿದು. ಒಟ್ಟು ಲೆಕ್ಕದಲ್ಲಿ ಮುಂದಿದ್ದ ಡಿಫ್ರೇ ಸುಸ್ತಾಗಿ ಕೈಚೆಲ್ಲಿದ. ಲೆಕ್ಕದ ಪ್ರಕಾರ ಇನ್ನು ಕ್ರಿಸ್ಟೋಫನೇ ಮೊದಲು. 2,115 ಮೀಟರ್ ಎತ್ತರದ ಟೂರ್ಮಾಲೆ ಹತ್ತಿಯಾಗಿತ್ತು, ಇನ್ನು ಇಳಿಯುವುದಷ್ಟೇ. ಇಳಿಯುವಾಗ ಸೈಕಲ್ಲಿನ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಕವಲು, ಮುರಿಯಿತು.

ಸಹಾಯಕ್ಕೆ ಕಾರಿಲ್ಲ, ಬದಲಿ ಸೈಕಲ್ ಇಲ್ಲ. ಇದ್ದರೂ ಮುಟ್ಟುವಂತಿಲ್ಲ. ಸೈಕಲ್ ಕೆಟ್ಟರೆ ಸವಾರನೇ ಸರಿಮಾಡಿಕೊಳ್ಳಬೇಕು, ಬೇರೆಯವರ ಕೈ ತಾಗಬಾರದು, ಅದು ರೂಲ್ಸು. ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು, ಮುಂದಿನ ಚಕ್ರ ಕೈಯಲ್ಲಿ ಹಿಡಿದು, ಹತ್ತು ಕಿಲೋಮೀಟರಿಗೂ ಜಾಸ್ತಿ ಇಳಿದ. ಹಿಂದೆ ಬಿಟ್ಟು ಬಂದಿದ್ದವರೆಲ್ಲ ಒಬ್ಬೊಬ್ಬರಾಗಿ ದಾಟಿ ಹೋದರು. ದಾರಿಯುದ್ದಕ್ಕೂ ಅತ್ತೆ ಎಂದು ಅವನೇ ಆಮೇಲೆ ಹೇಳಿಕೊಂಡಿದ್ದಾನೆ.

ಕೆಳಗೆ ಸೇಂತ್ ಮರಿ ದ ಕಾಂಪಾನ್ ಎಂಬ ಹಳ್ಳಿ. ಎದುರಿಗೆ ಸಿಕ್ಕ ಹುಡುಗಿಯೊಬ್ಬಳು ಊರಾಚೆಯ ಕುಲುಮೆ ತೋರಿಸಿದಳು. ಕಮ್ಮಾರ ಒಳ್ಳೆಯವನು, ಕೊಡಿಲ್ಲಿ, ನಾನು ಬೆಸೆದು ಕೊಡುತ್ತೇನೆ ಎಂದ. ಅಷ್ಟರಲ್ಲಿ ರೇಸಿನ ಅಧಿಕಾರಿಗಳೂ, ಬೇರೆ ಸೈಕಲ್ ಕಂಪನಿಗಳ ತಂಡದ ಕಡೆಯವರೂ ಬಂದು ಬಾಗಿಲಲ್ಲಿ ನಿಂತಿದ್ದರು. ಮುಟ್ಟಬೇಡ ಎಂದರು.

ಅವನ ಪುಣ್ಯ, ಬೀಗದ ಕೆಲಸ ಮಾಡಿದ ಕೈ. ಕಬ್ಬಿಣ ಅವನಿಗೆ ಹೊಸದಲ್ಲ. ಕಮ್ಮಾರ ಬಾಯಲ್ಲಿ ಹೇಳಿದ, ಇವನು ಕೈಯಲ್ಲಿ ಮಾಡಿದ. ಕೊಳವೆ ಕೆಂಪಗೆ ಕಾಯಬೇಕು, ಅದನ್ನು ಇಕ್ಕಳದಲ್ಲಿ ಹಿಡಿದಿರಬೇಕು, ಮೇಲಿಂದ ಸುತ್ತಿಗೆ ಬೀಳಬೇಕು. ಎರಡೂ ಕೈ ಅಲ್ಲಿಗೇ ಮುಗಿಯಿತು. ಕುಲುಮೆಯ ಬೆಂಕಿ ಯಾರಿಗೂ ಕಾಯುವುದಿಲ್ಲ. ಗಾಳಿ ನಿಂತರೆ ಕೆಂಡದ ಮೇಲೆ ಬೂದಿ ಕೂರುತ್ತದೆ, ಕಬ್ಬಿಣ ಕಪ್ಪಾಗುತ್ತದೆ, ಅಷ್ಟು ಹೊತ್ತು ಬಡಿದದ್ದು ದಂಡ. ಅಲ್ಲೊಬ್ಬ ಚಿಕ್ಕ ಹುಡುಗನಿದ್ದ. ಅವನು ಬೆಂಕಿಗೆ ಗಾಳಿ ಊದುವ ತಿದಿ ಒತ್ತಿದ.

ಅಷ್ಟೇ ನಡೆದದ್ದು. ಒತ್ತಿದ, ಬಿಟ್ಟ, ಒತ್ತಿದ, ಬಿಟ್ಟ. ಕುಲುಮೆಯಲ್ಲಿ ಮಕ್ಕಳು ಎಲ್ಲ ಕಡೆ ಮಾಡುವ ಕೆಲಸ.

ಮೂರು ಗಂಟೆ ಹೊತ್ತಿಗೆ ಫೋರ್ಕ್ ಒಂದು ರೂಪಕ್ಕೆ ಬಂತು. ಕಾವಲು ನಿಂತಿದ್ದವರಿಗೆ ನಡುವೆ ಹಸಿವಾಯಿತಂತೆ. ಏನಾದರೂ ತಿಂದು ಬರುತ್ತೇವೆ ಎಂದದ್ದಕ್ಕೆ ಕ್ರಿಸ್ಟೋಫ್ ಸಿಟ್ಟಿಗೆದ್ದು, ಹಸಿವಾದರೆ ಇದ್ದಿಲು ತಿನ್ನಿ, ನಾನು ನಿಮ್ಮ ಕೈದಿ, ಕೊನೇತನಕ ಕಾಯುವುದು ನಿಮ್ಮ ಕೆಲಸ ಅಂದನಂತೆ. ಈ ಮಾತಿಗಾಗಿ ನಾನು ಅವನ ಅಭಿಮಾನಿ. ಫೋರ್ಕ್ ಬೆಸೆದದ್ದಕ್ಕಲ್ಲ, ಅದನ್ನು ಇನ್ನೊಬ್ಬ ಕಮ್ಮಾರನೂ ಮಾಡಿಯಾನು.

ಜೇಬಿಗೆ ಬ್ರೆಡ್ ತುರುಕಿಕೊಂಡು ಹೊರಟ. ಮುಂದೆ ಇನ್ನೂ ಆಸ್ಪಾ, ಪೆಯ್ರೆಸೂರ್ದ್ ಎಂಬ ಎರಡು ಬೆಟ್ಟ ಬಾಕಿ. ಅವನ್ನೂ ದಾಟಿ ಲೂಶಾನ್ ಸೇರಿದ. ಸುಮಾರು ನಾಲ್ಕು ಗಂಟೆ ಕೈಬಿಟ್ಟಿತ್ತು. ಅದರ ಮೇಲೆ ದಂಡ, ಹತ್ತು ನಿಮಿಷ. ತಪ್ಪು ಏನು? ಹುಡುಗ ತಿದಿ ಒತ್ತಿದ್ದು.

ಆಮೇಲೆ ಯಾರಿಗೋ ಕನಿಕರ ಬಂದು ಹತ್ತನ್ನು ಮೂರಕ್ಕೆ ಇಳಿಸಿದರು. ನನಗೆ ನಿದ್ದೆ ಕೆಡಿಸುವುದು ಈ ಮೂರು. ಹತ್ತಾದರೆ ಸರಿ, ಸಿಟ್ಟಿನಲ್ಲಿ ಹಾಕಿದ್ದು, ದುಂಡು ಲೆಕ್ಕ. ಸೊನ್ನೆಯಾದರೂ ಸರಿ, ಬುದ್ಧಿ ಬಂತು ಅನ್ನಬಹುದು. ಮೂರು ಎಲ್ಲಿಂದ ಬಂತು? ಒಂದು ಒತ್ತಿಗೆ ಎಷ್ಟು ಸೆಕೆಂಡು ಹಿಡಿದರು? ಯಾರಾದರೂ ಎಣಿಸುತ್ತಾ ಕೂತಿದ್ದರೋ? ಮೇಜಿನ ಸುತ್ತ ಕೂತು, ಐದು ಜಾಸ್ತಿಯಾಯ್ತು, ಎರಡು ಕಮ್ಮಿಯಾಯ್ತು ಎಂದು ಗಂಭೀರವಾಗಿ ಚರ್ಚೆ ಮಾಡಿದ್ದಾರಲ್ಲ, ಆ ಮೀಟಿಂಗಿಗೆ ನಾನು ಹೋಗಬೇಕಿತ್ತು. ನಮ್ಮ ಅಪಾರ್ಟ್‌ಮೆಂಟಿನ ನೀರಿನ ಬಿಲ್ಲಿನ ಮೀಟಿಂಗೂ ಹೀಗೇ ಇರುತ್ತದೆ. ಆದರೆ ಅಲ್ಲಿ ಕೊನೆಗೆ ಬಿಸ್ಕತ್ತಾದರೂ ಕೊಡುತ್ತಾರೆ.

ರೂಲ್ಸು ಮಾಡಿದವನು ಆನ್ರಿ ದೆಗ್ರಾಂಜ್, ಪತ್ರಿಕೆಯ ಸಂಪಾದಕ. ಪೇಪರ್ ಮಾರಾಟ ಹೆಚ್ಚಲಿ ಎಂದೇ ಟೂರ್ ಶುರುಮಾಡಿದವನು. ಅವನೂ ಸೈಕಲ್ ಸವಾರನೇ, 1893ರಲ್ಲಿ ಒಂದು ಗಂಟೆಗೆ 35.325 ಕಿಲೋಮೀಟರ್ ತುಳಿದು ದಾಖಲೆ ಮಾಡಿದ್ದ. ಕಷ್ಟ ಗೊತ್ತಿದ್ದವನು ಕನಿಕರ ಪಡುತ್ತಾನೆ ಅನ್ನುತ್ತಾರೆ. ಸುಳ್ಳು. ಗೇರ್ ಬದಲಿಸುವ ಡಿರೇಲರ್ ಟೂರ್‌ಗೆ ಬಂದದ್ದು 1937ರಲ್ಲಿ, ಅದೂ ದೆಗ್ರಾಂಜ್ ಕುರ್ಚಿ ಬಿಟ್ಟ ಮೇಲೆ. ಅಲ್ಲಿತನಕ ಬೆಟ್ಟ ಬಂದಾಗ ಕೆಳಗಿಳಿದು, ಹಿಂದಿನ ಚಕ್ರ ಬಿಚ್ಚಿ, ಆ ಕಡೆಯ ಹಲ್ಲು ಈ ಕಡೆಗೆ ತಿರುಗಿಸಿ ಹಾಕಿಕೊಳ್ಳಬೇಕಿತ್ತು.

ಅವನ ಕಡೆಯಿಂದಲೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. 1904ರ ಎರಡನೇ ಟೂರ್ ಶುದ್ಧ ರಾದ್ಧಾಂತ. ಜನ ರಸ್ತೆಗೆ ಮೊಳೆ ಸುರಿದರು, ರಾತ್ರಿ ಕತ್ತಲಲ್ಲಿ ತಮ್ಮೂರಿನವನನ್ನು ಮುಂದೆ ಬಿಟ್ಟು ಉಳಿದವರಿಗೆ ದೊಣ್ಣೆಯಲ್ಲಿ ಬಡಿದರು. ಕೆಲವರು ರೈಲು ಹತ್ತಿದರು ಎಂಬ ದೂರೂ ಬಂತು. ಗೆದ್ದ ಗಾರಿನ್ ಸೇರಿ ಮೊದಲ ನಾಲ್ವರನ್ನೂ ತೆಗೆದುಹಾಕಿ, ಇನ್ನೂ ಇಪ್ಪತ್ತು ತುಂಬದ ಆನ್ರಿ ಕೋರ್ನೆಗೆ ಪ್ರಶಸ್ತಿ ಕೊಟ್ಟರು. ಇಂಥದ್ದನ್ನು ನೋಡಿದವನು ಬಿಗಿಯಾಗುವುದು ಸಹಜ.

ಸರಿ, ಒಪ್ಪಿದೆ. ಆದರೆ ಆ ಟೂರ್ಮಾಲೆ ಬೆಟ್ಟವೇ ರೇಸಿಗೆ ಬಂದದ್ದು ಹೇಗೆ ಗೊತ್ತಾ? 1910ರಲ್ಲಿ ದೆಗ್ರಾಂಜ್‌ನ ಕೈಕೆಳಗಿನ ಸ್ಟೈನೆಸ್ ಎಂಬವನು ದಾರಿ ನೋಡಿ ಬರಲು ಹೋದ. ಕಾರು ಹಿಮದಲ್ಲಿ ಮುಂದಕ್ಕೆ ಹೋಗಲಿಲ್ಲ. ಇಳಿದು ನಡೆದ. ಕತ್ತಲಾಯಿತು, ಜಾರಿ ಬಿದ್ದ, ಬದುಕಿದ್ದೇ ಹೆಚ್ಚು. ನಡುರಾತ್ರಿ ಕಳೆದ ಮೇಲೆ ಅತ್ತ ಕಡೆಯ ಊರು ಮುಟ್ಟಿದ. ಬೆಳಿಗ್ಗೆ ಎದ್ದು ಪ್ಯಾರಿಸ್ಸಿಗೆ ಟೆಲಿಗ್ರಾಂ ಕೊಟ್ಟ: ಟೂರ್ಮಾಲೆ ದಾಟಿದೆ, ರಸ್ತೆ ಬಹಳ ಚೆನ್ನಾಗಿದೆ, ಏನೂ ತೊಂದರೆಯಿಲ್ಲ. ಆ ವರ್ಷ ಅಲ್ಲಿ ಸೈಕಲ್ ತಳ್ಳಿಕೊಂಡು ಹತ್ತಿದ ಆಕ್ಟೇವ್ ಲಾಪೀಜ್, ಪಿರನೀಸ್‌ನಲ್ಲಿ ಎದುರಾದ ಅಧಿಕಾರಿಗಳಿಗೆ ಕೊಲೆಗಡುಕರು ಎಂದು ಬೈದದ್ದು ಇವತ್ತಿಗೂ ಪ್ರಸಿದ್ಧ. ಬೈದವನೇ ಆ ವರ್ಷದ ಟೂರ್ ಗೆದ್ದ. ಅಷ್ಟು ದೊಡ್ಡ ಬೆಟ್ಟವನ್ನು ಒಂದು ಸುಳ್ಳು ಟೆಲಿಗ್ರಾಂ ಮೇಲೆ ಒಳಗೆ ಬಿಟ್ಟುಕೊಂಡವರಿಗೆ, ಹುಡುಗನ ಎರಡು ಒತ್ತು ಗಾಳಿ ಕಣ್ಣಿಗೆ ಬಿತ್ತು. ಇದನ್ನು ಬರೆಯುವಾಗಲೂ ನನಗೆ ಬಿ.ಪಿ. ಏರುತ್ತದೆ.

ಕ್ರಿಸ್ಟೋಫ್ ಆ ಸಲ ಏಳನೆಯವನಾದ. ಯುದ್ಧ ಬಂತು, ಹೋಯಿತು. 1919ರಲ್ಲಿ ಮತ್ತೆ ಮುಂದಿದ್ದ. ಮುಂದಿರುವವನ ಗುರುತಿಗೆ ಹಳದಿ ಅಂಗಿ ಕೊಡುವುದು ಆ ವರ್ಷವೇ ಶುರುವಾಯಿತು, ದೆಗ್ರಾಂಜ್‌ನ ಪೇಪರಿನ ಬಣ್ಣವೂ ಹಳದಿಯೇ. ಅದನ್ನು ಮೊದಲು ತೊಟ್ಟವನು ಇವನು. ಜನ ಹಳದಿ ಹಕ್ಕಿ ಎಂದು ರೇಗಿಸಿದರೆಂದು ಗೊಣಗಿದ್ದಾನೆ. ಇನ್ನೇನು ಪ್ಯಾರಿಸ್ ಬಂತು ಅನ್ನುವಾಗ ವಾಲೆಂಸಿಯೆನ್‌ನಲ್ಲಿ ಫೋರ್ಕ್ ಮುರಿಯಿತು. ಮತ್ತೆ! ಅಂಗಿಯೂ ಹೋಯಿತು, ಟೂರೂ ಹೋಯಿತು. ಜನ ಚಂದಾ ಎತ್ತಿ ದುಡ್ಡು ಕೊಟ್ಟರು. 1922ರಲ್ಲಿ ಗಾಲಿಬಿಯೇ ಬೆಟ್ಟದಲ್ಲಿ ಮೂರನೇ ಸಲ ಮುರಿಯಿತು. ಟೂರ್ ಅವನಿಗೆ ಕೊನೆಗೂ ದಕ್ಕಲಿಲ್ಲ.

ನಮ್ಮ ಬೀದಿಯಲ್ಲಿ ಬ್ರೆವೆ ಎಂಬ ದೂರದ ಸೈಕಲ್ ಸವಾರಿ ಮಾಡುವ ಹುಡುಗನೊಬ್ಬನಿದ್ದಾನೆ. 600 ಕಿಲೋಮೀಟರ್, 40 ಗಂಟೆ, ಕೈಯಲ್ಲೊಂದು ಕಾರ್ಡು, ಅಲ್ಲಲ್ಲಿ ಮುದ್ರೆ. ಮುದ್ರೆ ಹಾಕುವ ಈ ಕಂಟ್ರೋಲ್‌ಗಳ ನಡುವೆ ಯಾರೂ ಕಾರಿನಲ್ಲಿ ಹಿಂದೆ ಬಂದು ಸಹಾಯ ಮಾಡುವಂತಿಲ್ಲ. ದಾರಿಬದಿಯ ಪಂಚರ್ ಅಂಗಡಿಗೆ ಹೋಗಬಹುದು, ಅಷ್ಟು ಮಾತ್ರ ದಯೆ. ಈ ಕಾರ್ಡಿನ ಮೂಲ ಪ್ಯಾರಿಸ್ಸಿನ ಒಂದು ಕ್ಲಬ್ಬು. ಅದರ ಬೇರು ಹುಡುಕಿದರೆ 1904ರಲ್ಲಿ ಇದೇ ದೆಗ್ರಾಂಜ್ ಫ್ರಾನ್ಸಿನಲ್ಲಿ ಶುರುಮಾಡಿಸಿದ ಆಡಾಕ್ಸ್ ಎಂಬ ದೂರದ ಸವಾರಿಗೆ ಹೋಗಿ ನಿಲ್ಲುತ್ತದೆ. ತುಮಕೂರು ರಸ್ತೆಯ ಮೇಲೂ ಆ ಪುಣ್ಯಾತ್ಮನ ನೆರಳು ಬಿಟ್ಟಿಲ್ಲ.

ಇವನಿಗಾದರೂ ಹೇಳಬೇಕು ಎಂದು ಗೇಟಿನಲ್ಲಿ ನಿಲ್ಲಿಸಿ ಇಡೀ ಕಥೆ ಹೇಳಿದೆ. ಕುಲುಮೆ, ತಿದಿ, ಇದ್ದಿಲು, ಮೂರು ನಿಮಿಷ, ಒಂದೂ ಬಿಡಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತಾ ಶ್ರದ್ಧೆಯಿಂದ ಕೇಳಿದ. ರೂಲ್ಸಿನ ಬಗ್ಗೆ ಆ ದೊಡ್ಡ ಮಾತು ಶುರುಮಾಡೋಣ ಎಂದು ಗಂಟಲು ಸರಿಮಾಡಿಕೊಂಡೆ.

“ಒಂದೇ ಡೌಟು ಅಂಕಲ್,” ಅಂದ. “ಆ ಫೋರ್ಕ್‌ಗೆ ವಾರಂಟಿ ಇರ್ಲಿಲ್ವಾ?”