ಕಡಲಿಗೆ ಪಹಣಿ ಇಲ್ಲದ ತಪ್ಪಿಗೆ

ಕೇಂದ್ರದ ಸೌರಶಕ್ತಿ ನಿಗಮವು ಕಡಲಲ್ಲಿ ಗಾಳಿಯಂತ್ರ ನಿಲ್ಲಿಸಿ ಕರೆಂಟು ತೆಗೆಯಲು ಟೆಂಡರ್ ಕರೆದು, ಕೊನೆಗೆ 2025ರಲ್ಲಿ ಅದನ್ನು ರದ್ದು ಮಾಡಿದ ಕಥೆಯನ್ನು ಓದುಗರು ಮರೆತಿರಲಾರರು. ಸೂರ್ಯನ ಹೆಸರಿಟ್ಟುಕೊಂಡ ನಿಗಮವೊಂದು ವಾಯುವಿನ ವ್ಯವಹಾರವನ್ನು ವರುಣನ ಜಾಗದಲ್ಲಿ ನಡೆಸಲು ಹೊರಟಾಗಲೇ ದೇವತೆಗಳ ಮಟ್ಟದಲ್ಲಿ ಇಲಾಖಾ ಸಮನ್ವಯದ ಕೊರತೆ ಎದುರಾದೀತೆಂದು ನನಗೆ ಅನುಮಾನವಿತ್ತು. 2018ರಲ್ಲಿ ಘೋಷಿಸಿದ ಗುರಿಯ ಪ್ರಕಾರ 2022ರೊಳಗೆ ನಮ್ಮ ಕಡಲಲ್ಲಿ 5 ಗಿಗಾವಾಟ್ ಸಾಮರ್ಥ್ಯದ ಗಾಳಿಯಂತ್ರಗಳು ತಿರುಗಬೇಕಿತ್ತು. 2022 ಬಂದು ಹೋದಾಗ ಒಂದು ಯಂತ್ರವೂ ಇರಲಿಲ್ಲ. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟವು ಗುಜರಾತ್ ಮತ್ತು ತಮಿಳುನಾಡಿನ ಕರಾವಳಿಗೆ ತಲಾ 500 ಮೆಗಾವಾಟ್ ಹಂಚಿ, 7,453 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಣವಿತ್ತು, ಗಾಳಿಯಿತ್ತು, ಕಡಲಂತೂ ಇದ್ದೇ ಇತ್ತು. ಬಿಡ್ ಹಾಕಬೇಕಾದವರಲ್ಲಿ ಉತ್ಸಾಹ ಮಾತ್ರ ಕಾಣಲಿಲ್ಲ.

ಈ ಗದ್ದಲದಲ್ಲಿ ನನ್ನ ಮನಸೂರೆಗೊಂಡದ್ದು ಕಡಲನ್ನು ಗಾಳಿಯಂತ್ರಗಳಿಗೆ ಹಂಚಿದ ಸರ್ಕಾರಿ ನಕ್ಷೆ. ನಾಲ್ಕು ಗುಂಟೆ ಜಾಗದ ಪೋಡಿಗೆ ಅರ್ಜಿ ಕೊಟ್ಟವರು ಸರ್ವೆಯರನ ದರ್ಶನಕ್ಕಾಗಿ ವರ್ಷಗಟ್ಟಲೆ ಕಾಯುವ ದೇಶದಲ್ಲಿ, ತಮಿಳುನಾಡಿನ ಮನ್ನಾರ್ ಕೊಲ್ಲಿಯನ್ನೂ ಗುಜರಾತಿನ ಖಂಭಾತ್ ಕೊಲ್ಲಿಯನ್ನೂ ವಲಯಗಳಾಗಿ ಕತ್ತರಿಸಿ ಕೊಟ್ಟ ಚುರುಕಿಗೆ ನಮಸ್ಕರಿಸಲೇಬೇಕು. ಆ ನಕ್ಷೆಯಲ್ಲಿ ಕಡಲು ತಿಳಿನೀಲಿಯಾಗಿ, ಖಾಲಿಯಾಗಿ, ಸಾಕ್ಷಾತ್ ಸರ್ಕಾರಿ ಗೋಮಾಳದಂತೆ ಕಾಣುತ್ತದೆ. ಅಲ್ಲಿ ಬಲೆ ಹಾಕುವವನು ಬಗರ್ ಹುಕುಂ ಸಾಗುವಳಿದಾರನಿಗಿಂತಲೂ ಕೆಳಗಿನವನು. ಸಾಗುವಳಿದಾರನಿಗೆ ನಮೂನೆ 57 ಎಂಬ ಸಕ್ರಮದ ಅರ್ಜಿಯೊಂದಿತ್ತು. ಅಪ್ಪನ ಕಾಲದಿಂದ ಉತ್ತ ನೆಲವೆಂದು ಬರೆದುಕೊಟ್ಟು ಸಮಿತಿಯ ಮುಂದೆ ಕೈಮುಗಿದು ನಿಲ್ಲಬಹುದಿತ್ತು. ಕಡಲಲ್ಲಿ ಉತ್ತ ಗುರುತು ಉಳಿಯುವುದಿಲ್ಲ, ದೋಣಿ ಹೋದ ಬೆನ್ನಿಗೇ ನೀರು ಕೂಡಿಕೊಳ್ಳುತ್ತದೆ. ಮಹಜರು ಮಾಡೋಣವೆಂದರೆ ಎಲ್ಲಿ ನಿಂತು ಮಾಡುವುದು?

ಗೆರೆಗಳಿಗಂತೂ ಮನ್ನಾರ್ ಕೊಲ್ಲಿಯ ರಾಮೇಶ್ವರದ ಕಡೆ ಮೊದಲೇ ಬರವಿರಲಿಲ್ಲ. ಒಂದು ಬದಿಯಲ್ಲಿ 1974 ಮತ್ತು 1976ರ ಒಪ್ಪಂದಗಳು ಎಳೆದ ಶ್ರೀಲಂಕಾ ಗಡಿ. ಕತ್ತಲೆಯಲ್ಲಿ ಅದನ್ನು ದಾಟಿದರೆ ದೋಣಿ ಅವರ ವಶ, ದೋಣಿಯವರು ಅವರ ಜೈಲಿನಲ್ಲಿ. ಇನ್ನೊಂದು ಬದಿಯಲ್ಲಿ 21 ದ್ವೀಪಗಳ ಸಾಗರ ರಾಷ್ಟ್ರೀಯ ಉದ್ಯಾನ. ದಡಕ್ಕೆ ಹತ್ತಿರದ ನೀರಿನಲ್ಲಿ ಯಾಂತ್ರೀಕೃತ ದೋಣಿಗಳು ಮೀನು ಹಿಡಿಯುವಂತಿಲ್ಲ. ಏಪ್ರಿಲ್ 15ರಿಂದ ಜೂನ್ 14ರವರೆಗೆ, ಒಟ್ಟು 61 ದಿನ, ಮೀನಿನ ಸಂತಾನಕ್ಕಾಗಿ ಅವು ಕಡಲಿಗೇ ಇಳಿಯುವಂತಿಲ್ಲ. ಇವೆಲ್ಲ ಕಳೆದು ಉಳಿದ ನೀರಿನ ಮೇಲೆ ಈಗ ಗಾಳಿಯ ಚೌಕಗಳು. ಗಾಳಿಯಂತ್ರದ ಸುತ್ತ 500 ಮೀಟರ್‌ವರೆಗೆ ಸುರಕ್ಷತಾ ವಲಯ ಮಾಡಿಕೊಳ್ಳಲು ಅಂತರರಾಷ್ಟ್ರೀಯ ಕಡಲ ಕಾನೂನು ಅವಕಾಶ ಕೊಡುತ್ತದೆ. ಬೆಲ್ಜಿಯಂನಲ್ಲಿ ಇಡೀ ಗಾಳಿ ವಲಯದೊಳಗೆ ಮೀನು ಹಿಡಿಯುವುದು ನಿಷಿದ್ಧ. ಬ್ರಿಟನ್ನಿನಲ್ಲಿ ಅಂಥ ಸಾರಾಸಗಟು ನಿಷೇಧವಿಲ್ಲ, ಕೇಬಲ್ಲಿಗೆ ಬಲೆ ಸಿಕ್ಕೀತೆಂದು ಹೆದರಿ ಅನೇಕರು ತಾವಾಗಿಯೇ ದೂರ ಉಳಿಯುತ್ತಾರೆ. ಬೇಡವೆನ್ನದೆಯೂ ಬಾರದಂತೆ ಮಾಡುವ ಈ ಸೌಜನ್ಯವನ್ನು ನಮ್ಮವರು ಬೇಗ ಕಲಿಯುತ್ತಾರೆಂಬ ಭರವಸೆ ನನಗಿದೆ.

ಮಲ್ಪೆಯ ದಕ್ಕೆಯಲ್ಲಿ ಪರಿಚಯದ ತಂಡೇಲರೊಬ್ಬರು, ಅಂದರೆ ದೋಣಿ ನಡೆಸುವ ಮುಖ್ಯಸ್ಥರು, ತಮ್ಮ ದೋಣಿಯ ಜಿಪಿಎಸ್ ತೆರೆಯನ್ನು ನನಗೆ ತೋರಿಸಿದ್ದರು. ಉಪ್ಪುಗಾಳಿಗೆ ಮಬ್ಬಾದ ಅಂಗೈಯಗಲದ ಗಾಜು. ಅದರ ತುಂಬ, ಜೋಳ ಚೆಲ್ಲಿದಂತೆ, ಚುಕ್ಕೆಗಳು. ಇಲ್ಲಿ ಅಡಿಯಲ್ಲಿ ಕಲ್ಲಿದೆ, ಬಲೆ ಹರಿಯುತ್ತದೆ. ಇಲ್ಲಿ ಯಾವುದೋ ಮುಳುಗಿದ ಹಡಗು. ಇಲ್ಲಿ ಮಳೆ ಮುಗಿದ ಮೇಲೆ ಬಂಗುಡೆ. ಒಂದೊಂದು ಚುಕ್ಕೆಗೂ ಒಂದು ಹರಿದ ಬಲೆಯೋ ತುಂಬಿದ ಬಲೆಯೋ ಬೆಲೆಯಾಗಿ ಸಂದಿದೆ. ಸರ್ಕಾರದ ನಕ್ಷೆಯ ಖಾಲಿ ನೀಲಿಯನ್ನು ನೋಡುವಾಗಲೆಲ್ಲ ನನಗೆ ಆ ಮಬ್ಬು ಗಾಜು ನೆನಪಾಗುತ್ತದೆ.

ಗಾಳಿಯಿಂದ ಕರೆಂಟು ಬೇಡವೆಂದು ನಾನು ವಾದಿಸುತ್ತಿಲ್ಲ. ಕಲ್ಲಿದ್ದಲ ಹೊಗೆ ಕುಡಿದು ಕಡಲನ್ನು ಉಳಿಸುತ್ತೇವೆ ಎನ್ನುವಷ್ಟು ಮೂರ್ಖ ನಾನಲ್ಲ. ಆದರೆ ಗೆರೆ ಎಳೆದಾದ ಮೇಲೆ ಕರೆಯುವ ಸಭೆಗೆ ಸಮಾಲೋಚನೆ ಎಂಬ ಹೆಸರಿಡುವುದನ್ನು ಕೇಳಿ ಕೇಳಿ ಸಾಕಾಗಿದೆ. ದೋಣಿ ಇದ್ದವನಿಗೆ ಪರಿಹಾರದ ಮಾತಾದರೂ ಇರುತ್ತದೆ. ಬಲೆ ಹೆಣೆಯುವವನಿಗೆ, ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳಿಗೆ ಯಾವ ಕಾಗದದಲ್ಲಿಯೂ ನಷ್ಟವೇ ಆಗುವುದಿಲ್ಲ, ಏಕೆಂದರೆ ಅವರು ಯಾವ ಕಾಗದದಲ್ಲಿಯೂ ಇಲ್ಲ. ಕೋಟ್ಯಧೀಶ ಕಂಪನಿಗಳು ಬಾಯಿ ತೆರೆಯದೆ ಸುಮ್ಮನಿದ್ದುದಕ್ಕೇ ಟೆಂಡರು ರದ್ದಾಯಿತು. ಕಡಲ ಮಕ್ಕಳು ಗಂಟಲು ಹರಿಯುವಂತೆ ಕೂಗಿದರೆ ಅದು ‘ಆಕ್ಷೇಪಣೆ’ಯಾಗಿ ಕಡತಕ್ಕೆ ಸೇರುತ್ತದೆ.

ಟೆಂಡರು ರದ್ದಾದ ಸುದ್ದಿಯನ್ನು ಅದೇ ತಂಡೇಲರಿಗೆ ಹೇಳಿದೆ. ಅವರು ಮಂಜುಗಡ್ಡೆಯ ಬುಟ್ಟಿಯನ್ನು ಕೆಳಗಿಟ್ಟು ಕೇಳಿದರು: “ಟೆಂಡರ್ ರದ್ದಾಯ್ತು, ಸರಿ. ನಕ್ಷೆ ರದ್ದಾಯ್ತಾ ಮಾರಾಯ್ರೆ?”

ನಾನು ಬಂಗುಡೆಯ ದರ ವಿಚಾರಿಸಿದೆ.